ಸೋಮವಾರದವರೆಗೆ ಅಫೀಫೆ

"ತೋಳು ಬಿಡು ಮಗಳೇ, ಕಾಫಿ ಚೆಲ್ಲತ್ತೆ," ಎಂದ ನಖ್ಲೆ.

ಹಿಯಾಮ್ ಬಿಡಲಿಲ್ಲ. ಚಿಕ್ಕಪ್ಪನ ಕರಿಕೋಟಿನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ತಟ್ಟೆಯ ಮೇಲಿದ್ದ ಪುಟ್ಟ ಬಟ್ಟಲುಗಳು ಒಂದಕ್ಕೊಂದು ತಾಗಿ ಹಲ್ಲು ಕಡಿದವು. ಅಡುಗೆಮನೆಯ ಬಾಗಿಲಾಚೆ, ಚಿಕ್ಕಪ್ಪನ ನಡುಮನೆಯಲ್ಲಿ, ಅವಳ ಅಮ್ಮ ಅಫೀಫೆ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದಳು. ಸುತ್ತ ಕುಳಿತ ಹೆಂಗಸರು ಸರದಿಯ ಮೇಲೆ ಅಳುತ್ತಿದ್ದರು. ಹೊರಗೆ ದ್ರಾಕ್ಷಿ ಚಪ್ಪರದ ಕೆಳಗೆ ಗಂಡಸರು ಚರ್ಚಿನಿಂದ ತಂದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಕಹಿ ಕಾಫಿಗೆ ಕಾಯುತ್ತಿದ್ದರು.

"ಅಮ್ಮನ ಗುರುತಿನ ಚೀಟಿ ಕೊಡಿ ಚಿಕ್ಕಪ್ಪ."

"ಹೆಣ ಮುಂದಿಟ್ಕೊಂಡು ಕೇಳೋ ಮಾತಾ ಇದು?"

"ಹೆಣದ್ದೇ ಮಾತು. ಮುಖ್ತಾರ್ ಹೊರಗೆ ಕೂತಿದಾರೆ. ಚೀಟಿ ಕೊಟ್ರೆ ಈಗಲೇ ಮರಣಪತ್ರ ಬರೀತಾರೆ."

"ಸೋಮವಾರ ಬರೀತಾರೆ. ನಾನು ಮಾತಾಡಿದೀನಿ."

"ಅಮ್ಮ ಸತ್ತಿದ್ದು ನಿನ್ನೆ. ಸೋಮವಾರ ಅಲ್ಲ."

ನಖ್ಲೆ ಕಾಫಿತಟ್ಟೆಯನ್ನು ನೆಟ್ಟಗೆ ಮಾಡಿಕೊಂಡ. ಇವತ್ತು ಗುರುವಾರ. ಭಾನುವಾರ ದೇಶಕ್ಕೆಲ್ಲ ಚುನಾವಣೆ. ಊರಿನ ಹುಟ್ಟುಸಾವು ದಾಖಲಿಸುವ ಮುಖ್ತಾರ್ ಸೋಮವಾರ ಬರೆದರೆ ಅಫೀಫೆ ಸೋಮವಾರವೇ ಸಾಯುತ್ತಾಳೆ. ಭಾನುವಾರದ ಮಟ್ಟಿಗೆ ಬದುಕಿರುತ್ತಾಳೆ, ಓಟು ಹಾಕಲು ಬೇಕಾಗುವಷ್ಟು. ಅವಳ ವಯಸ್ಸಿನ ಇನ್ಯಾವಳೋ ಆ ಚೀಟಿ ಹಿಡಿದು, ಮೂಗು ಬಾಯಿ ಮುಚ್ಚಿಕೊಂಡು ಶಾಲೆಯ ಮೆಟ್ಟಿಲು ಹತ್ತುತ್ತಾಳೆ. ಸೋಂಕಿನ ಕಾಲ ಬಂದ ಮೇಲೆ ಮುಖ ನೋಡುವ ಕಷ್ಟ ಯಾರೂ ತೆಗೆದುಕೊಳ್ಳುವುದಿಲ್ಲ. ಮೃತರಿಗೂ ಮತದಾರರಿಗೂ ನಡುವೆ ಒಂದು ಬಟ್ಟೆಯ ತುಂಡಿನಷ್ಟೇ ಅಂತರ.

"ಅತ್ತಿಗೆ ಮದುವೆಯಾಗಿ ಬಂದಾಗಿಂದ ಬೇಕ್‌ಗೇ ಹಾಕಿದಾಳೆ," ಎಂದ ನಖ್ಲೆ, ದನಿ ತಗ್ಗಿಸಿ. "ಅವರಪ್ಪನಿಗೆ ಹಾಕಿದ್ಳು, ಈಗ ಇವರಿಗೆ. ಕೊನೇದೊಂದು ಹಾಕಿ ಹೋದ್ಳು ಅಂದ್ಕೊ. ಪುಣ್ಯದ ಕೆಲಸ."

"ಈ ಸಲ ಹಾಕ್ತಿರಲಿಲ್ಲ. ನಿಮಗೆ ಗೊತ್ತು."

"ಹಾಕ್ತಿದ್ಳೋ ಇಲ್ವೋ, ಈಗ ಅವಳನ್ನ ಕೇಳೋಕಾಗತ್ತಾ?" ಎಂದು ತೋಳು ಕೊಸರಿಕೊಂಡು ನಖ್ಲೆ ಚಪ್ಪರದ ಕಡೆ ನಡೆದ. ಕಾಫಿ ಒಂದು ತೊಟ್ಟೂ ಚೆಲ್ಲಲಿಲ್ಲ. ಅಂಥ ಕೈ ಅದು.

ನಖ್ಲೆ ಈ ಕಫರ್ತೂನ ಊರಿನ ಕೀಲಿಕೈ. ಫುವಾದ್ ಬೇಕ್‌ನ ಹಾಗೆ ಅಪ್ಪನ ಕಾಲದಿಂದಲೂ ಚುನಾವಣೆಗೆ ನಿಲ್ಲುವ ದೊಡ್ಡವರಿಗೆ ಊರಿಗೊಬ್ಬ ಇಂಥವನು ಇರುತ್ತಾನೆ, ಅವನನ್ನು ಹಾಗೆಯೇ ಕರೆಯುತ್ತಾರೆ. ಯಾವ ಮನೆಗೆ ನೀರಿನ ಪೈಪು ಬೇಕು, ಯಾರ ಮಗನಿಗೆ ಸರಕಾರಿ ಕುರ್ಚಿ ಬೇಕು, ಯಾರು ಯಾರ ಮೇಲೆ ಹಲ್ಲು ಮಸೆಯುತ್ತಾರೆ, ಎಲ್ಲ ಅವನಿಗೆ ಗೊತ್ತು. ಚುನಾವಣೆ ಹತ್ತಿರ ಬಂದಾಗ ಮನೆಮನೆಯ ಗುರುತಿನ ಚೀಟಿಗಳನ್ನು ಒಟ್ಟುಮಾಡಿ ಇಟ್ಟುಕೊಳ್ಳುತ್ತಾನೆ. ಆ ದಿನ ಶಾಲೆಯ ಬಾಗಿಲಲ್ಲಿ ನಿಂತು ಒಂದೊಂದನ್ನೇ ಹಿಂದಕ್ಕೆ ಕೊಡುತ್ತಾನೆ, ಬೆನ್ನು ಸವರಿ, ಕಿವಿಯಲ್ಲಿ ಒಂದು ಮಾತು ಹೇಳಿ. ಹೆಸರು ಕೀಲಿಕೈ, ಹಾಕುವುದೆಲ್ಲ ಬೀಗ.

* * *

ಅಫೀಫೆ ಈ ಊರಿನಲ್ಲಿ ಒಂದು ಚಳಿಗಾಲವನ್ನೂ ಕಳೆದವಳಲ್ಲ. ಹುಟ್ಟಿದ್ದು ಬೈರೂತ್, ಬದುಕಿದ್ದು ಬೈರೂತ್. ಆದರೆ ಮದುವೆಯಾದ ಹೆಣ್ಣಿನ ಹೆಸರು ಗಂಡನ ಊರಿನ ದಫ್ತರಕ್ಕೆ ಹೋಗುತ್ತದೆ. ಎಲ್ಲಿ ಬೇಕಾದರೂ ಬದುಕಬಹುದು. ಓಟು ಹಾಕುವುದು ಮತ್ತು ಮಣ್ಣಿಗೆ ಹೋಗುವುದು ಮಾತ್ರ ಗಂಡನ ಊರಿನಲ್ಲೇ.

ಅವಳು ಹಮ್ರಾ ಬೀದಿಯ ಒಂದು ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರಾಗಿದ್ದಳು. ಕೂದಲು ನರೆಯುವವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ಅವಳ ಗಂಟಲಿಗೆ ಬಂದುಬಿಡುತ್ತಿತ್ತು. ಮ್ಯಾನೇಜರ ಮೂಗಿನ ದನಿಯಲ್ಲಿ ಅಡುಗೆಮನೆಗೆ ಫೋನು ಮಾಡಿ ತನಗೇ ಊಟ ತರಿಸಿಕೊಂಡದ್ದುಂಟು. ಯುದ್ಧದ ವರ್ಷಗಳಲ್ಲಿ ಯಾವ ಬಣದವನು ಲೈನಿನಲ್ಲಿ ಬಂದರೂ ಅವನ ಸೀಮೆಯ ಮಾತಿನಲ್ಲೇ ಉತ್ತರ ಕೊಟ್ಟು ಹೋಟೆಲನ್ನು ಉಳಿಸಿದವಳು ಎಂದು ಅಲ್ಲಿ ಈಗಲೂ ಹೇಳುತ್ತಾರೆ.

ಚುನಾವಣೆಯ ದಿನ ನಖ್ಲೆ ಬೈರೂತಿಗೆ ಬಸ್ಸು ಕಳಿಸುತ್ತಿದ್ದ. ಡ್ರೈವರ್ ಶಾಹೀನ್. ಬೆಳಿಗ್ಗೆ ಎಲ್ಲರಿಗೂ ಝಾತರ್ ಸೊಪ್ಪಿನ ಪುಡಿ ಹಚ್ಚಿದ ಬಿಸಿ ರೊಟ್ಟಿ. ಶಾಲೆಯ ಬಾಗಿಲಲ್ಲಿ ನಖ್ಲೆ ಚೀಟಿಯ ಜೊತೆಗೆ ಮಡಿಸಿದ ಕಾಗದವೊಂದನ್ನೂ ಕೈಗಿಡುತ್ತಿದ್ದ. ಆಗೆಲ್ಲ ಓಟಿನ ಕಾಗದವನ್ನು ಸರಕಾರ ಅಚ್ಚು ಹಾಕಿಸುತ್ತಿರಲಿಲ್ಲ, ಬೇಕ್‌ನ ಕಡೆಯವರೇ ಹಾಕಿಸುತ್ತಿದ್ದರು. ಅಫೀಫೆ ಅದನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಗಂಡ ತೂಮಾ ಪಕ್ಕದಲ್ಲೇ ನಿಂತಿರುತ್ತಿದ್ದ. ಮಡಿಸಿದ್ದನ್ನು ಮಡಿಸಿದ ಹಾಗೇ ಡಬ್ಬಿಗೆ ಹಾಕಿ, ಬೆರಳಿಗೆ ಶಾಯಿ ಮೆತ್ತಿಸಿಕೊಂಡು ಬಸ್ಸು ಹತ್ತುತ್ತಿದ್ದಳು.

ಅವಳ ಚುನಾವಣೆ ನಡೆಯುತ್ತಿದ್ದದ್ದು ವಾಪಸು ಬರುವಾಗ. ಬಸ್ಸಿನ ನಡುವೆ ಎದ್ದು ನಿಂತು, ಕಂಬಿ ಹಿಡಿದು, ಒಮ್ಮೆ ಕೆಮ್ಮುತ್ತಿದ್ದಳು. ಆ ಕೆಮ್ಮಿಗೇ ಬಸ್ಸು ನಗುತ್ತಿತ್ತು, ಅದು ಫುವಾದ್ ಬೇಕ್‌ನ ಕೆಮ್ಮು.

"ನನ್ನ ಜನರೇ. ನನ್ನ ಕಣ್ಣುಗಳೇ. ಮುಂದಿನ ಬೇಸಿಗೆಯ ಹೊತ್ತಿಗೆ... ಇಪ್ಪತ್ನಾಲ್ಕು ಗಂಟೆ ಕರೆಂಟು. ರಾತ್ರಿ ದೀಪ ಆರಿಸೋಕೆ ನೀವೇ ಬೇಡಿಕೊಳ್ಳಬೇಕು, ಅಷ್ಟು ಕರೆಂಟು."

"ಬೇಕ್, ನೀರು?" ಎಂದು ಶಾಹೀನ್ ಮುಂದಿನಿಂದ ಕೂಗುತ್ತಿದ್ದ.

"ನೀರೇ? ಮಗನೇ, ಮೊದಲು ಬಾಯಾರಿಕೆ ಕೊಡಿಸ್ತೀನಿ. ನೀರು ಆಮೇಲೆ."

ತೂಮಾ ತಲೆ ತಗ್ಗಿಸಿ ನಗು ತಡೆಯುತ್ತಿದ್ದ. ಹಾಗೆ ನಗುನಗುತ್ತ ಅವರು ಮತ್ತೆ ಮತ್ತೆ ಅವನಿಗೇ ಹಾಕಿ ಬಂದರು.

* * *

ಪೆಟ್ಟಿಗೆಯ ತಲೆದೆಸೆಯಲ್ಲಿ ಕೂತಿದ್ದ ಮುದುಕಿ ಮರ್ಯಾನಾ ಹಿಯಾಮ್‌ಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಊರಿನ ಸಾವುಗಳಲ್ಲಿ ಅಳುವಿನ ಎಳೆ ಹಿಡಿಯುವವಳು ಅವಳೇ.

"ಕೊಟ್ನಾ?"

"ಸೋಮವಾರ ಅಂತಾನೆ."

"ಹಾಳಾದವನು." ಮರ್ಯಾನಾ ಅಫೀಫೆಯ ಹಣೆಯ ಮೇಲಿನ ಕೂದಲು ಸರಿಮಾಡಿದಳು. "ನೋಡು ಇವಳನ್ನ, ಸತ್ತೋಳ ಹಾಗಿದಾಳಾ? ಲೈನ್ ಸಿಗ್ಲಿ ಅಂತ ಕಾಯ್ತಾ ಇರೋ ಹಾಗಿದಾಳೆ."

"ನಿಮ್ಮ ಚೀಟಿ ಎಲ್ಲಿದೆ ಅಜ್ಜಿ?"

"ಅವನ ಹತ್ರ."

"ಯಾಕೆ ಕೊಟ್ರಿ?"

"ಎಲ್ರೂ ಕೊಡ್ತಾರಲ್ಲ. ಮನೇಲಿಟ್ರೆ ಕಳೆದುಹೋಗತ್ತೆ ಅಂತಾನೆ."

"ಯಾವತ್ತಾದ್ರೂ ಕಳೆದಿದೆಯಾ?"

"ಹೇಗೆ ಕಳೆಯತ್ತೆ? ಅವನ ಹತ್ರಾನೇ ಇರತ್ತಲ್ಲ," ಎಂದಳು ಮರ್ಯಾನಾ. ಹೇಳಿದ ಮೇಲೆ ತನ್ನ ಮಾತನ್ನು ತಾನೇ ಇನ್ನೊಮ್ಮೆ ಕೇಳಿಸಿಕೊಂಡವಳಂತೆ ಚಪ್ಪರದ ಕಡೆ ತಿರುಗಿ ನೋಡಿದಳು.

ಹಿಯಾಮ್ ಅಮ್ಮನ ಕೈ ಮುಟ್ಟಿದಳು. ತೋರುಬೆರಳಿನ ಪಕ್ಕದಲ್ಲಿ ಪೆನ್ನು ಒತ್ತಿ ಒತ್ತಿ ಆದ ಗುಳಿ ಇನ್ನೂ ಇತ್ತು.

* * *

ಬೈರೂತ್ ಬಂದರಿನ ಸ್ಫೋಟದ ಹೊಗೆ ಕುಡಿದ ಮೇಲೆ ಅಫೀಫೆಯ ಶ್ವಾಸಕೋಶ ಸರಿಹೋಗಲೇ ಇಲ್ಲ. ಮನೆಗೆ ಆಕ್ಸಿಜನ್ ಯಂತ್ರ ಬಂತು. ಸರಕಾರದ ಕರೆಂಟು ದಿನಕ್ಕೆ ಒಂದು ಗಂಟೆ ಬಂದರೆ ಹಬ್ಬ. ಉಳಿದ ಹೊತ್ತು ಬೀದಿಯ ಜನರೇಟರು. ಅದಕ್ಕೂ ಡೀಸೆಲ್ ಸಿಕ್ಕಾಗ. ಅಫೀಫೆ ಆ ಜನರೇಟರಿನ ದನಿಯನ್ನೂ ಕಲಿತುಬಿಟ್ಟಳು. ಅದು ನಿಲ್ಲುವ ಮುಂಚೆ ತೆಗೆಯುವ ಗೊರಕೆಯನ್ನು ಅದಕ್ಕಿಂತ ಮೊದಲೇ ತೆಗೆದು, "ಹೋಯ್ತು ನೋಡು," ಎನ್ನುತ್ತಿದ್ದಳು. ಹೋಗುತ್ತಿತ್ತು. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಹಿಯಾಮ್ ಬ್ಯಾಟರಿಯ ತಂತಿ ಸಿಕ್ಕಿಸುತ್ತಿದ್ದಳು.

ಚುನಾವಣೆಯ ದಿನ ಗೊತ್ತಾದ ವಾರ ಅಫೀಫೆ ಮಗಳನ್ನು ಕರೆದು ಕೂರಿಸಿಕೊಂಡಳು.

"ಈ ಸಲ ಕಾಗದ ಹೇಗಿರತ್ತೆ, ಬರೆದು ತೋರ್ಸು."

ಈಗ ಸರಕಾರವೇ ಅಚ್ಚು ಹಾಕಿಸಿದ ಕಾಗದ, ಎಲ್ಲರ ಹೆಸರೂ ಫೋಟೋವೂ ಅದರಲ್ಲೇ, ಪರದೆಯ ಹಿಂದೆ ಹೋಗಿ ಬೇಕಾದವರ ಮುಂದಿನ ಚೌಕದಲ್ಲಿ ಗುರುತು ಹಾಕಬೇಕು ಎಂದು ಹಿಯಾಮ್ ಚಿತ್ರ ಬರೆದು ತೋರಿಸಿದಳು.

"ಗೆರೆ ಚೌಕ ದಾಟಿದ್ರೆ?"

"ಓಟು ಕೆಡತ್ತೆ."

ಅಫೀಫೆಯ ಕೈ ನಡುಗುತ್ತಿತ್ತು. ಅವತ್ತಿನಿಂದ ಮಾತ್ರೆಯ ಡಬ್ಬಿಗಳು, ಹಳೆಯ ಪೇಪರಿನ ಅಂಚು, ಬ್ರೆಡ್ಡಿನ ಚೀಲ, ಎಲ್ಲದರ ಮೇಲೂ ಪುಟ್ಟ ಪುಟ್ಟ ಚೌಕ, ಅದರೊಳಗೆ ಗುರುತು. ಹೊರಗೆ ಹೋದ ಗೆರೆಗಳನ್ನು ಬೈಯುತ್ತಿದ್ದಳು, "ಎಲ್ಲಿಗೋಡ್ತೀಯ? ಮನೇಲಿರು." ಓಟು ಹಾಕುವ ಕೋಣೆ ಶಾಲೆಯ ಮಹಡಿಯ ಮೇಲಿದೆಯೆಂದು ತಿಳಿದಿದ್ದರಿಂದ ಮೆಟ್ಟಿಲ ಅಭ್ಯಾಸವೂ ಶುರುವಾಯಿತು. ಒಂದು ಮೆಟ್ಟಿಲು, ನಿಂತು ಉಸಿರು, ಇನ್ನೊಂದು ಮೆಟ್ಟಿಲು. ನೆರೆಯವರು ಏನು ಅಫೀಫೆ ಎಂದರೆ, "ಪಾರ್ಲಿಮೆಂಟಿಗೆ ಹೊರಟಿದೀನಿ," ಎನ್ನುತ್ತಿದ್ದಳು.

"ಯಾರಿಗಮ್ಮ ಹಾಕೋದು?"

"ಅದನ್ನ ಹೇಳೋ ಹಾಗಿದ್ರೆ ಅವರ್ಯಾಕೆ ಪರದೆ ಕಟ್ತಾರೆ?"

ಮಗಳಿಗೂ ಹೇಳಲಿಲ್ಲ.

ಮೂರನೇ ವಾರ ನಖ್ಲೆ ಆಲಿವ್ ಎಣ್ಣೆಯ ಡಬ್ಬ ಹೊತ್ತು ಬಂದ. ಅತ್ತಿಗೆಯ ಆರೋಗ್ಯ ಕೇಳಿದ, ತೀರಿಹೋದ ಅಣ್ಣ ತೂಮಾನ ಫೋಟೋದ ಮುಂದೆ ಶಿಲುಬೆಯ ಗುರುತು ಮಾಡಿಕೊಂಡ, ಕಾಫಿ ಕುಡಿದ. ಕುಡಿದು ಬಟ್ಟಲು ಕೆಳಗಿಟ್ಟು ಕೈ ಚಾಚಿದ. ಅಷ್ಟೇ, ಬಾಯಿಬಿಟ್ಟು ಕೇಳಲೂ ಇಲ್ಲ. ಅಫೀಫೆ ಎದ್ದಳು, ಬೀರುವಿನಿಂದ ಚೀಟಿ ತೆಗೆದಳು, ಅವನ ಕೈಯಲ್ಲಿಟ್ಟಳು. ಯಾವಾಗಲೂ ಇಟ್ಟ ಹಾಗೆ. ಅವನು ಮೆಟ್ಟಿಲಿಳಿದು ಹೋದ ಮೇಲೆ ತನ್ನ ಬರಿಗೈ ನೋಡಿಕೊಂಡಳು.

"ಹಿಯಾಮ್," ಎಂದಳು. "ನನ್ನ ಕೈ ನನ್ನನ್ನ ಕೇಳದೇ ಕೊಟ್ಬಿಡ್ತು."

ಆಮೇಲೆ ದಿನಾ ಫೋನು. ಬೇಕ್‌ನ ದನಿಯಲ್ಲಿ ಮಾತಾಡಿ ನಖ್ಲೆ ಎದ್ದು ನಿಲ್ಲುವಂತೆ ಮಾಡಿದಳು ಕೂಡ; "ಆ ಚೀಟಿ ಹಿಂದಕ್ಕೆ ಕೊಡು," ಎನ್ನುವಷ್ಟರಲ್ಲಿ ನಿಜವಾದ ಕೆಮ್ಮು ಬಂದು ಗುಟ್ಟು ಬಯಲಾಯಿತು. ಎಲ್ಲಕ್ಕೂ ಅವನದು ಒಂದೇ ಉತ್ತರ: "ಭಾನುವಾರ ಬನ್ನಿ ಅತ್ತಿಗೆ, ಶಾಲೆ ಬಾಗಿಲಲ್ಲಿ ನಿಮ್ಮ ಕೈಗೇ ಕೊಡ್ತೀನಿ."

"ಕೊಡ್ಲಿ," ಎಂದಳು ಕೊನೆಗೆ. "ಕೊಟ್ಟು ಕಿವೀಲಿ ಏನು ಬೇಕಾದ್ರೂ ಹೇಳ್ಲಿ. ಪರದೆ ಒಳಗೆ ಅವನು ಬರೋ ಹಾಗಿಲ್ಲವಲ್ಲ."

ಬುಧವಾರ ಮಧ್ಯಾಹ್ನ ಜನರೇಟರಿಗೆ ಡೀಸೆಲ್ ಇರಲಿಲ್ಲ. ಹಿಂದಿನ ದಿನ ತುಂಬದ ಬ್ಯಾಟರಿ ಅರ್ಧ ದಾರಿಯಲ್ಲಿ ಕೈಬಿಟ್ಟಿತು. ಹಿಯಾಮ್ ಅಂಗಡಿಯಿಂದ ಓಡಿಬಂದು ಕತ್ತಲು ಮೆಟ್ಟಿಲು ಹತ್ತುವಷ್ಟರಲ್ಲಿ ಮನೆಯಲ್ಲಿ ಯಾವ ದನಿಯೂ ಇರಲಿಲ್ಲ.

* * *

ಚಪ್ಪರದ ಕೆಳಗೆ ಮಾತು ನಿಂತಿತು. ಎರಡು ಕಾರು ಬಂದು ನಿಂತವು. ಫುವಾದ್ ಬೇಕ್ ಇಳಿದ. ಎಲ್ಲರೂ ಎದ್ದರು. ಅವತ್ತು ಅವನಿಗೆ ಇನ್ನೂ ಮೂರು ಊರಿನ ಸಾವುಗಳಿದ್ದವು; ಚುನಾವಣೆಯ ವಾರ ಸತ್ತವರು ಪುಣ್ಯವಂತರು, ಬೇಕ್ ಬಂದೇ ಬರುತ್ತಾನೆ. ಬೇಕ್‌ಗೆ ಯಾರು ಬೇಕು ಎಂದರೆ ಎಲ್ಲರೂ ಬೇಕು, ಹೆಣವನ್ನೂ ಬೇಡ ಅನ್ನಲ್ಲ, ಎಂದು ಹಿಂದೆ ಕೂತಿದ್ದ ಶಾಹೀನ್ ಮೀಸೆಯೊಳಗೇ ಗೊಣಗಿದ.

ಬೇಕ್ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಬಾಗಿಲ ಹತ್ತಿರವಿದ್ದ ಒಂದಿಬ್ಬರು ಹೆಂಗಸರು ಬಾಯಿಗೆ ಸೆರಗಿನಂತೆ ಕರವಸ್ತ್ರ ಒತ್ತಿಕೊಂಡರು. ಅಫೀಫೆಯೇ ಕೆಮ್ಮಿದ ಹಾಗಿತ್ತು.

"ನಮ್ಮೆಲ್ಲರ ತಾಯಿ ಅಫೀಫೆ," ಎಂದ ಬೇಕ್. "ಕೊನೆಯ ಉಸಿರಿನವರೆಗೂ ನಮ್ಮ ಜೊತೆಗಿದ್ದರು."

"ಕೊನೆಯ ಉಸಿರು ಕರೆಂಟಿಲ್ಲದೆ ನಿಂತಿದ್ದು," ಎಂದಿತು ಒಳಗಿನಿಂದ ಒಂದು ದನಿ.

ಹಿಯಾಮ್ ಹೊಸ್ತಿಲ ಮೇಲೆ ನಿಂತಿದ್ದಳು. ಗಂಡಸರ ಅಂಗಳಕ್ಕೆ ಹೆಂಗಸರು ಇಳಿಯುವ ಹೊತ್ತಲ್ಲ ಅದು. ಅವಳು ಇಳಿದಳು.

"ದುಃಖದಲ್ಲಿದಾಳೆ," ಎಂದ ನಖ್ಲೆ, ಬೇಕ್‌ನ ಕಡೆ ತಿರುಗಿ. "ಅಬೂನಾ, ಶುರುಮಾಡಿ. ಪೆಟ್ಟಿಗೆ ಎತ್ತೋಣ."

ಪಾದ್ರಿ ಅಬೂನಾ ಜಿರ್ಜಿಸ್ ಕೊರಳಿಗೆ ಪ್ರಾರ್ಥನೆಯ ಪಟ್ಟಿ ಹಾಕಿಕೊಂಡು ಎದ್ದ. ಹಿಯಾಮ್ ಅವನಿಗೆ ಅಡ್ಡ ನಿಂತಳು.

"ಯಾರನ್ನ ಎತ್ತೋದು ಅಬೂನಾ?"

"ನಿನ್ನ ತಾಯೀನಮ್ಮ."

"ನನ್ನ ತಾಯಿ ಸತ್ತಿಲ್ಲ. ಚಿಕ್ಕಪ್ಪನ್ನ ಕೇಳಿ. ಸೋಮವಾರದವರೆಗೆ ಬದುಕಿರ್ತಾಳಂತೆ. ಮುಖ್ತಾರ್ ಸಾಬಾನೂ ಒಪ್ಪಿದಾರಂತೆ. ಬದುಕಿರೋ ಹೆಂಗಸನ್ನ ಮಣ್ಣಿಗಿಟ್ರೆ ಅದಕ್ಕೇನಂತಾರೆ?"

ಮುಖ್ತಾರ್ ಸಾಬಾ ಎದೆಯ ಜೇಬಿನಲ್ಲಿದ್ದ ಮೊಹರಿನ ಡಬ್ಬಿಯ ಮೇಲೆ ಕೈಯಿಟ್ಟುಕೊಂಡ. "ನಾನೇನ್ಮಾಡ್ಲಿ ಮಗಳೇ? ಚೀಟಿ ಇಲ್ಲದೆ ಬರೆಯೋ ಹಾಗಿಲ್ಲ. ಚೀಟಿ ಅವನ ಹತ್ರ."

"ಹಾಗಾದ್ರೆ ಪೆಟ್ಟಿಗೆ ಇಲ್ಲೇ ಇರತ್ತೆ. ಚಿಕ್ಕಪ್ಪನ ನಡುಮನೇಲಿ. ಸೋಮವಾರ ಎತ್ತೋಣ."

"ಮೇ ತಿಂಗಳ ಬಿಸಿಲು," ಎಂದ ಯಾರೋ, ಮೆಲ್ಲಗೆ.

"ಹೌದು. ಐಸ್ ಇಡೋಣ ಅಂದ್ರೆ ಕರೆಂಟಿಲ್ಲ. ಬೇಕ್ ಇಲ್ಲೇ ಇದಾರೆ, ಕೇಳಿ, ಇಪ್ಪತ್ನಾಲ್ಕು ಗಂಟೆ ಕೊಡ್ತೀನಿ ಅಂದಿದ್ರು."

ನಖ್ಲೆಯ ಮುಖ ಕೆಂಪಾಯಿತು. "ಅಣ್ಣನ ಮಗಳು ಅಂತ ಸುಮ್ನಿದೀನಿ. ಈ ಊರಿಗೆ ರಸ್ತೆ ತಂದಿದ್ದು ಯಾರು? ನಿಮ್ಮಪ್ಪ ಆಸ್ಪತ್ರೇಲಿದ್ದಾಗ ಹಾಸಿಗೆ ಕೊಡಿಸಿದ್ದು ಯಾರು? ಇಷ್ಟು ಓಟು ತರ್ತೀನಿ ಅಂತ ಮಾತು ಕೊಟ್ಟಿದೀನಿ. ಒಂದು ಕಡಿಮೆಯಾದ್ರೆ ನಾನು ಮುಖ ಎಲ್ಲಿಡ್ಲಿ?"

"ಅದಕ್ಕೇ ಅಮ್ಮನ ಮುಖ ಬೇಕಾಯ್ತಾ ನಿಮಗೆ?"

ಅಬೂನಾ ಜಿರ್ಜಿಸ್ ಗಡ್ಡ ನೀವಿಕೊಂಡ. ಆಮೇಲೆ ಕೊರಳ ಪಟ್ಟಿ ತೆಗೆದು ಮುದ್ದಿಟ್ಟು ಮಡಿಸಿ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ.

"ಏನಿದು ಅಬೂನಾ?" ಎಂದ ನಖ್ಲೆ.

"ಸತ್ತೋರ ಪ್ರಾರ್ಥನೆ ಬದುಕಿರೋರಿಗೆ ಹೇಳೋ ಹಾಗಿಲ್ಲಪ್ಪ. ಕಾಯ್ತೀನಿ. ಕಾಫಿ ಇದ್ರೆ ಕೊಡು."

"ಈಸ್ಟರ್ ಕಳೆದು ಇನ್ನೂ ನಲವತ್ತು ದಿನ ಆಗಿಲ್ಲ," ಎಂದ ಶಾಹೀನ್, ಯಾರಿಗೂ ಅಲ್ಲ ಎಂಬಂತೆ. "ಈ ತಿಂಗಳಲ್ಲಿ ಸತ್ತೋರು ಎದ್ದೇಳೋ ಹಾಡೇ ಹಾಡಬೇಕು. ಒಂದಿನ ಎದ್ದೇಳ್ತಾರೆ ಅಂತ ಅಬೂನಾ ಹೇಳ್ತಾರೆ. ಭಾನುವಾರವೇ ಎದ್ದೇಳ್ತಾರೆ ಅಂತ ನಖ್ಲೆ ಹೇಳ್ತಾನೆ."

ಚಪ್ಪರದ ಕೆಳಗೆ ನಗು ಹುಟ್ಟಿ ಅಲ್ಲೇ ಸತ್ತಿತು. ಒಳಗೆ ಮರ್ಯಾನಾ ಅಳುವಿನ ಎಳೆ ಹಿಡಿದಳು. ಎಂದಿನ ರಾಗವೇ, ಮಾತು ಬೇರೆ. "ಏಳೇ ಅಫೀಫೆ, ಬಸ್ಸು ಬಂತು. ಏಳೇ ತಂಗಿ, ಬಾಗಿಲಲ್ಲಿ ಮೈದುನ ನಿಂತಿದಾನೆ. ನಿನ್ನ ಉಸಿರು ತಗೊಂಡರು, ಹೆಸರು ಉಳಿಸ್ಕೊಂಡರು." ಹೆಂಗಸರೆಲ್ಲ ಕೊನೆಯ ಸಾಲನ್ನು ಎತ್ತಿಕೊಂಡರು.

ಬೇಕ್ ಗಡಿಯಾರ ನೋಡಿಕೊಂಡ. ನಖ್ಲೆಯ ಹತ್ತಿರ ಬಂದು, ತುಟಿ ಅಲುಗಿಸದೆ, ಆದರೆ ಮುಂದಿನ ಸಾಲಿಗೆ ಕೇಳಿಸುವಂತೆ ಅಂದ: "ಕೊಟ್ಟು ಕಳಿಸೋ. ಒಂದು ಚೀಟಿಗೆ ನನ್ನ ಮಾನ ಹರಾಜು ಹಾಕ್ತೀಯಾ?"

ಮಗನ ವಯಸ್ಸಿನವರ ಮುಂದೆ ಏಕವಚನದ ಮಾತು. ನಖ್ಲೆ ಒಂದು ಕ್ಷಣ ಬೇಕ್‌ನ ಮುಖವನ್ನೇ ನೋಡಿದ. ಆಮೇಲೆ ಕರಿಕೋಟಿನ ಒಳಜೇಬಿಗೆ ಕೈ ಹಾಕಿದ. ಚೀಟಿ ಒಂದೇ ಬರಲಿಲ್ಲ. ರಬ್ಬರ್ ಬ್ಯಾಂಡಿನಲ್ಲಿ ಬಿಗಿದ ಇಟ್ಟಿಗೆಯಂಥ ಕಟ್ಟು ಹೊರಬಂತು. ಅವನು ಅದನ್ನು ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ, ಒಂದೊಂದನ್ನೇ ಸರಿಸುತ್ತ ಹುಡುಕತೊಡಗಿದ. ಶಾಹೀನ್ ಸರಿದುಹೋದ. ಮರ್ಯಾನಾ ಸರಿದುಹೋದಳು. ಅಲ್ಲಿ ನಿಂತಿದ್ದವರೆಲ್ಲ ತಮ್ಮ ಮುಖ ನಖ್ಲೆಯ ಹೆಬ್ಬೆರಳ ಕೆಳಗೆ ಬಂದು ಹೋಗುವುದನ್ನು ನೋಡಿದರು.

ಅಫೀಫೆ ಸಿಕ್ಕಿದಳು. ಫೋಟೋದಲ್ಲಿ ಅವಳಿಗೆ ಕಪ್ಪು ಕೂದಲು.

ಮುಖ್ತಾರ್ ಕುರ್ಚಿಯ ಬೆನ್ನಿನ ಮೇಲೆ ಕಾಗದವಿಟ್ಟು ಬರೆದ. "ಬುಧವಾರ ಅಂತ ಬರೀರಿ," ಎಂದಳು ಹಿಯಾಮ್. "ಬುಧವಾರವೇ ಬರೆದಿದೀನಮ್ಮ," ಎಂದ. ಮೊಹರು ಒತ್ತುವಾಗ ಕೈ ಸ್ವಲ್ಪ ಜಾರಿತು, ಇನ್ನೊಮ್ಮೆ ಒತ್ತಿದ. ಅಬೂನಾ ಎದ್ದು ಪಟ್ಟಿ ಹಾಕಿಕೊಂಡ. ಹಿಯಾಮ್ ಕಾಗದವನ್ನು ಮೇಲಿಂದ ಕೆಳಗೆ ಓದಿದಳು. ಆಗ, ಅಷ್ಟು ಹೊತ್ತಿನ ಮೇಲೆ ಮೊದಲ ಸಲ, ಅವಳು ಅಳತೊಡಗಿದಳು. ಅಮ್ಮ ಸತ್ತಿದ್ದಳು.

* * *

ಈಸ್ಟರಿನಲ್ಲಿ ಎದ್ದುಬಂದವನ ಹಾಡು ಹಾಡಿ ಅಫೀಫೆಯನ್ನು ತೂಮಾನ ಪಕ್ಕದಲ್ಲಿ ಇಟ್ಟುಬಂದರು. ಚರ್ಚಿನ ಅಂಗಳದಲ್ಲಿ ಮನೆಯವರು ಗೋಡೆಗೆ ಬೆನ್ನು ಕೊಟ್ಟು ನಿಂತರು: ಮೊದಲು ಹಿರಿಯನಾದ ನಖ್ಲೆ, ಅವನ ಪಕ್ಕದಲ್ಲಿ ಯಾರೂ ಕರೆಯದೆ ಬಂದು ನಿಂತ ಬೇಕ್, ಎದುರಿಗೆ ಹೆಂಗಸರ ಸಾಲಿನಲ್ಲಿ ಹಿಯಾಮ್. ಊರಿನವರು ಒಬ್ಬರ ಹಿಂದೊಬ್ಬರು ಸಾಲಾದರು. ಕೈ ಕುಲುಕಿ, ದೇವರು ಅವಳನ್ನು ಕರುಣಿಸಲಿ ಎಂದು ಹೇಳಿ ಮುಂದೆ ಸಾಗಬೇಕು. ಯಾವ ಸಾವಿನಲ್ಲೂ ನಡೆಯುವುದು ಅಷ್ಟೇ.

ಸಾಲಿನಲ್ಲಿ ಮೊದಲು ಶಾಹೀನ್ ಇದ್ದ.

"ದೇವರು ಅವಳನ್ನ ಕರುಣಿಸಲಿ," ಎಂದ.

"ನಿನಗೆ ಆಯುಷ್ಯ ಕೊಡಲಿ," ಎಂದು ನಖ್ಲೆ ಅವನ ಕೈ ಹಿಡಿದು ಕುಲುಕಿ ಬಿಟ್ಟ.

ಶಾಹೀನ್ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂಗೈಯನ್ನು ಮೇಲೆ ಮಾಡಿ ಹಾಗೇ ಚಾಚಿಕೊಂಡು ನಿಂತ.

"ಮುಂದೆ ಹೋಗೋ," ಎಂದ ನಖ್ಲೆ. "ಜನ ಕಾಯ್ತಿದಾರೆ."

ಶಾಹೀನ್ ಹೋಗಲಿಲ್ಲ, ನಖ್ಲೆಯ ಕರಿಕೋಟಿನ ಒಳಜೇಬನ್ನೇ ನೋಡಿದ. ಪಕ್ಕದಲ್ಲಿ ಬೇಕ್ ಕುಲುಕಲೆಂದು ಚಾಚಿದ್ದ ಕೈ ಯಾರಿಗೂ ತಲುಪದೆ ಗಾಳಿಯಲ್ಲಿ ನಿಂತಿತ್ತು. ಹೆಂಗಸರ ಸಾಲಿನಿಂದ ಮರ್ಯಾನಾ ಕೋಲೂರಿಕೊಂಡು ಬಂದು, ಶಾಹೀನನ ಹಿಂದೆ ನಿಂತು ತನ್ನ ಸುಕ್ಕುಗಟ್ಟಿದ ಅಂಗೈ ಬಿಡಿಸಿದಳು. ಅವಳ ಹಿಂದಿದ್ದವನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಕೈ ಚಾಚಿದ. ಅಂಗಳದ ಗೇಟಿನವರೆಗೆ, ಬಿಸಿಲಲ್ಲಿ, ಒಂದರ ಹಿಂದೊಂದು ಅಂಗೈಗಳು ಮೇಲಾಗತೊಡಗಿದವು.